ನಿಧಾನ ಇರುವವರು ಮುಂದೆ ನಡೆಯಲಿ

ಪ್ರಶ್ನೆ: ನಾವು ಗದಗದವರು. ನನಗೆ 56 ವರ್ಷ, ನಮ್ಮ ಮನೆಯವರಿಗೆ 61. ಅವರು ಹೈಸ್ಕೂಲ್ ಮಾಸ್ತರರಾಗಿ ರಿಟೈರ್ ಆಗಿದ್ದಾರೆ. ಮಕ್ಕಳ ಜವಾಬ್ದಾರಿ ಮುಗಿದಿದೆ. ಈ ವರ್ಷ ಇಬ್ಬರೇ ದೇಶ ವಿದೇಶ ಸುತ್ತಬೇಕು ಅಂತ ದುಡ್ಡು ಕೂಡಿಟ್ಟಿದ್ದೇವೆ. ಇಬ್ಬರಿಗೂ ಬೆಟ್ಟ ಅಂದರೆ ಜೀವ. ಲಡಾಖ್, ನೇಪಾಳ, ಸ್ವಿಟ್ಜರ್ಲೆಂಡ್, ಪೆರು ಪಟ್ಟಿಯಲ್ಲಿವೆ. ನಾನು ದಿನಾ ಭೀಷ್ಮ ಕೆರೆ ಕಡೆ ವಾಕಿಂಗ್ ಮಾಡುತ್ತೇನೆ, ಗಟ್ಟಿ ಇದ್ದೇನೆ. ಅವರಿಗೆ ಬಿಪಿ ಇದೆ, ಮಾತ್ರೆ ತಗೋತಾರೆ. ಎತ್ತರದ ಜಾಗ ಅವರಿಗೆ ಆಗುತ್ತದಾ ಅನ್ನೋದೇ ಚಿಂತೆ. ಯಾವ ಜಾಗ ಮೊದಲು, ಯಾವುದು ಆಮೇಲೆ? ಎತ್ತರದ ಜಾಗಕ್ಕೆ ಅಂತ ಹೇಳುವ ಡೈಮಾಕ್ಸ್ ಮಾತ್ರೆ ತಗೊಂಡರೆ ಸಾಕಾ? ಅವರಿಗೆ ಆಗದಿದ್ದರೆ ನಾನೊಬ್ಬಳೇ ಮೇಲೆ ಹೋಗಿ ಬರಬಹುದಾ?

ಉತ್ತರ: ಅಕ್ಕಾವ್ರೇ, ಹೊರಟಿದ್ದು ಒಳ್ಳೆಯದಾಯಿತು. ಈ ವಯಸ್ಸಿಗೆ, ಈ ಆರೋಗ್ಯಕ್ಕೆ ನಾಲ್ಕೂ ಜಾಗ ಆಗುವಂಥವೇ. ಆದರೆ ನಿಮ್ಮ ಪತ್ರ ಓದಿದಾಗ ನನಗೆ ಮಾಸ್ತರರಿಗಿಂತ ನಿಮ್ಮ ಬಗ್ಗೆಯೇ ಜಾಸ್ತಿ ಚಿಂತೆ ಆಯಿತು. ‘ನಾನು ಗಟ್ಟಿ ಇದ್ದೇನೆ’ ಅಂತ ಬರೆದಿದ್ದೀರಿ. ಎತ್ತರದ ಕಾಯಿಲೆಗೆ ಆ ಲೆಕ್ಕ ನಡೆಯುವುದಿಲ್ಲ. ದಿನಾ ಓಡುವ ಹುಡುಗ ಲಡಾಖಿನ ಲೇಹ್‌ನಲ್ಲಿ ವಾಂತಿ ಮಾಡಿಕೊಂಡು ಮಲಗಿರುತ್ತಾನೆ, ಅವನ ಜೊತೆ ಬಂದ ಅಜ್ಜಿ ಆರಾಮಾಗಿ ಚಹಾ ಕುಡಿಯುತ್ತಿರುತ್ತಾರೆ. ಕಾಲಿನ ಕಸುವು ಬೇರೆ, ಕಡಿಮೆ ಆಮ್ಲಜನಕಕ್ಕೆ ದೇಹ ಹೊಂದಿಕೊಳ್ಳುವ ರೀತಿ ಬೇರೆ. ಗಟ್ಟಿ ಇದ್ದವರು ಬೇಗ ಬೇಗ ಹತ್ತುತ್ತಾರೆ, ಅದರಿಂದಲೇ ಎಷ್ಟೋ ಸಲ ಅವರಿಗೇ ಮೊದಲು ತೊಂದರೆ ಆಗುತ್ತದೆ.

ಮೇಲೆ ಆಗುವುದೇನು ಅಂತ ಹೇಳಿಬಿಡುತ್ತೇನೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಗದಗದಲ್ಲೂ ಶೇಕಡಾ 21, ಎವರೆಸ್ಟ್ ತುದಿಯಲ್ಲೂ ಶೇಕಡಾ 21. ಕಡಿಮೆ ಆಗುವುದು ಗಾಳಿಯ ಒತ್ತಡ. ಅರಳೆಯ ದೊಡ್ಡ ರಾಶಿ ನೋಡಿದ್ದೀರಲ್ಲ, ತಳದ ಹತ್ತಿ ಒತ್ತಿ ಕೂತಿರುತ್ತದೆ, ಮೇಲಿನದು ಸಡಿಲ ಇರುತ್ತದೆ. ಗಾಳಿಯೂ ಹಾಗೇ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರದ ದಂಡೆಯಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲು ಅಷ್ಟೇ. 5,364 ಮೀಟರಿನ ಎವರೆಸ್ಟ್ ಬೇಸ್ ಕ್ಯಾಂಪಿನಲ್ಲಿ ಅದು ಅರ್ಧಕ್ಕೆ ಬರುತ್ತದೆ. ನಮ್ಮ ಹುಬ್ಬಳ್ಳಿ, ಗದಗ ಎಲ್ಲ 600–700 ಮೀಟರಿನ ಊರುಗಳು. ಹುಬ್ಬಳ್ಳಿಯಲ್ಲಿ ವಿಮಾನ ಹತ್ತಿ, ದಿಲ್ಲಿಯಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಲೇಹ್‌ನಲ್ಲಿ ಇಳಿದರೆ ದೇಹಕ್ಕೆ ಅದು ದೊಡ್ಡ ಪೆಟ್ಟು.

ಮೋಸ ಇರುವುದು ಇಲ್ಲೇ. ಇಳಿದ ಕೂಡಲೇ ಏನೂ ಅನ್ನಿಸುವುದಿಲ್ಲ. ತಲೆನೋವು, ಹೊಟ್ಟೆ ತೊಳಸುವುದು, ತಲೆ ತಿರುಗುವುದು, ಊಟ ಬೇಡ ಅನ್ನಿಸುವುದು ಸಾಮಾನ್ಯವಾಗಿ 6ರಿಂದ 12 ತಾಸಿನ ನಂತರ ಶುರುವಾಗುತ್ತವೆ. ಮಧ್ಯಾಹ್ನ ‘ನಮಗೇನೂ ಆಗಿಲ್ಲ’ ಅಂತ ಶಾಂತಿ ಸ್ತೂಪದ ಮೆಟ್ಟಿಲು ಹತ್ತಿದವರು ರಾತ್ರಿ ತಲೆ ಹಿಡಿದುಕೊಂಡು ಕೂತಿರುತ್ತಾರೆ.

ಈಗ ಗಂಡ ಹೆಂಡತಿ ಇಬ್ಬರೇ ಹೋಗುವವರಿಗೆ ನಾನು ಎಲ್ಲಕ್ಕಿಂತ ಮೊದಲು ಹೇಳುವ ಮಾತು. ನಮ್ಮ ಭಾಗದ ಒಬ್ಬ ದಂಪತಿ ಲಡಾಖಿಗೆ ಹೋಗಿದ್ದರು. ಪ್ಯಾಂಗಾಂಗ್ ಸರೋವರ ನೋಡುವುದು ಹೆಂಡತಿಯ ಎಷ್ಟೋ ವರ್ಷದ ಆಸೆ. ಗಂಡನಿಗೆ ಲೇಹ್‌ನಲ್ಲೇ ತಲೆನೋವು ಶುರುವಾಗಿತ್ತು. ಹೇಳಿದರೆ ಅವಳ ಆಸೆ ಕೆಡುತ್ತದೆ ಅಂತ ಅವರು ಗುಳಿಗೆ ನುಂಗಿ ಸುಮ್ನೆ ಕಾರು ಹತ್ತಿದರು. ಸರೋವರ ಇರುವುದು 4,200 ಮೀಟರಿಗೂ ಮೇಲೆ. ರಾತ್ರಿ ಅಲ್ಲೇ ಟೆಂಟು. ನಡುರಾತ್ರಿ ಅವರಿಗೆ ಕೂತಲ್ಲೇ ಉಸಿರು ಸಾಲದಾಯಿತು. ಡ್ರೈವರ್ ಒಳ್ಳೆಯವನಿದ್ದ, ಕತ್ತಲಲ್ಲೇ ಕೆಳಗೆ ಕರೆತಂದ, ಉಳಿದರು. ಊರಿಗೆ ಬಂದ ಮೇಲೆ ಆ ತಾಯಿ ನನ್ನ ಮುಂದೆ ಅತ್ತಿದ್ದು ಒಂದೇ ಮಾತಿಗೆ: ‘ಒಂದು ಮಾತು ಹೇಳಬಾರದಿತ್ತಾ ಸರ್, ನಾನೇನು ಕೆರೆ ಕೇಳಿದ್ದೆನಾ?’

ಪ್ರೀತಿಯಿಂದಲೇ ಹೀಗಾಗುತ್ತದೆ. ಗುಂಪಿನಲ್ಲಿ ಹೋದರೆ ಗೈಡ್ ಕೇಳುತ್ತಾನೆ, ಕೆಲವೊಮ್ಮೆ ಡಾಕ್ಟರೂ ಇರುತ್ತಾರೆ. ಇಬ್ಬರೇ ಇದ್ದಾಗ ಒಬ್ಬರು ಇನ್ನೊಬ್ಬರಿಗೋಸ್ಕರ ನೋವು ಮುಚ್ಚಿಡುತ್ತಾರೆ. ಹಾಗಾಗಿ ಮನೆಯಲ್ಲೇ, ಟಿಕೆಟ್ ಬುಕ್ ಮಾಡುವ ಮೊದಲೇ, ಇಬ್ಬರೂ ಕೂತು ಮಾತಾಡಿಕೊಳ್ಳಿ. ಮೇಲೆ ಯಾರೂ ಏನನ್ನೂ ಮುಚ್ಚಿಡಬಾರದು. ಇಬ್ಬರಲ್ಲಿ ಯಾರೊಬ್ಬರು ‘ಇವತ್ತು ಬೇಡ’ ಅಂದರೂ ಅವತ್ತು ಮೇಲೆ ಹೋಗುವುದಿಲ್ಲ. ಕೆಳಗೆ ಇಳಿಯಬೇಕಾಗಿ ಬಂದರೆ ಇಬ್ಬರೂ ಇಳಿಯುವುದು. ದಾರಿಯಲ್ಲಿ ನಡೆಯುವಾಗ ಆ ದಿನ ಯಾರು ನಿಧಾನ ಇರುತ್ತಾರೋ ಅವರು ಮುಂದೆ, ಚುರುಕು ಇರುವವರು ಹಿಂದೆ. ಹಿಂದೆ ಇದ್ದವರು ಬೇರೆಯವರನ್ನು ಓಡಿಸಲು ಆಗುವುದಿಲ್ಲ, ಅಲ್ವಾ? ಇವತ್ತು ನಿಧಾನ ಇದ್ದವರು ನಾಳೆ ಚುರುಕಾಗಬಹುದು. ಬೆಳಿಗ್ಗೆ ಹೊರಡುವಾಗ ಅದನ್ನೂ ಕೇಳಿಕೊಂಡೇ ಹೊರಡಿ.

ಬೆಳಿಗ್ಗೆ ಎದ್ದಾಗ ಮತ್ತು ರಾತ್ರಿ ಊಟಕ್ಕೆ ಮೊದಲು ಪರಸ್ಪರ ವಿಚಾರಿಸಿ. ತಲೆನೋವು ಇದೆಯಾ? ಹಸಿವು ಆಗುತ್ತಿದೆಯಾ? ತಲೆ ತಿರುಗುತ್ತದಾ? 2,500 ಮೀಟರಿಗಿಂತ ಮೇಲೆ ತಲೆನೋವಿನ ಜೊತೆ ಇವುಗಳಲ್ಲಿ ಇನ್ನೊಂದು ಕಂಡರೆ ಅದು ಎತ್ತರದ ಕಾಯಿಲೆ ಅಂತಲೇ ತಿಳಿಯಿರಿ. ಪಿತ್ತ, ಬಿಸಿಲು, ಹೋಟೆಲ್ ಊಟ ಅಂತ ಕಾರಣ ಹುಡುಕುತ್ತಾ ಕೂರಬೇಡಿ. ಅಲ್ಲೇ ನಿಲ್ಲಿ, ವಿಶ್ರಾಂತಿ ತಗೊಳ್ಳಿ. ಬಹಳಷ್ಟು ಜನರಿಗೆ ಒಂದೆರಡು ದಿನದಲ್ಲಿ ಕಡಿಮೆಯಾಗುತ್ತದೆ. ಜಾಸ್ತಿಯಾದರೆ ಇಳಿಯಿರಿ.

ಎರಡು ಲಕ್ಷಣ ಕಂಡರೆ ಬೆಳಗಾಗಲಿ ಅಂತಲೂ ಕಾಯುವ ಹಾಗಿಲ್ಲ. ಒಂದು, ಸುಮ್ನೆ ಕೂತಿದ್ದಾಗಲೂ ಏದುಸಿರು, ಬಿಡದ ಕೆಮ್ಮು, ಮಲಗಿದರೆ ಉಸಿರು ಕಟ್ಟುವುದು. ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಅಂತ ಅರ್ಥ. ಇನ್ನೊಂದು, ಮಿದುಳಿನ ಊತ. ಇದನ್ನು ಹೆಂಡತಿಗೆ ಗಂಡ, ಗಂಡನಿಗೆ ಹೆಂಡತಿ ಪರೀಕ್ಷೆ ಮಾಡಬಹುದು. ಕೋಣೆಯ ನೆಲದಲ್ಲಿ ಟೈಲ್ಸಿನ ಗೆರೆ ಇರುತ್ತದೆ, ಇಲ್ಲವೆಂದರೆ ಒಂದು ಹಗ್ಗ ಹಾಸಿ. ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದು ಪಾದದ ಬೆರಳಿಗೆ ತಾಗಿಸುತ್ತಾ ಆ ಗೆರೆ ಮೇಲೆ ಹತ್ತು ಹೆಜ್ಜೆ ನಡೆಸಿ. ಮನೆಯಲ್ಲಿ ಇಬ್ಬರೂ ಇದನ್ನು ಮಾಡಿ ನೋಡಿಕೊಂಡಿರಿ. ಮಾಮೂಲಿ ದಿನ ಹೇಗೆ ನಡೆಯುತ್ತಾರೆ ಅನ್ನುವುದು ಗೊತ್ತಿದ್ದರೆ ಮೇಲೆ ವ್ಯತ್ಯಾಸ ತಕ್ಷಣ ಕಾಣುತ್ತದೆ. ಕಾಲು ಗೆರೆ ಬಿಟ್ಟು ಹೋಗುತ್ತಿದ್ದರೆ, ಮಾತು ತೊದಲುತ್ತಿದ್ದರೆ, ಕೇಳಿದ್ದಕ್ಕೆ ಏನೇನೋ ಉತ್ತರ ಬರುತ್ತಿದ್ದರೆ ಕತ್ತಲಿರಲಿ ಮಳೆಯಿರಲಿ ಕೆಳಗೆ ಹೊರಡಿ. ಒಬ್ಬರನ್ನೇ ಕಳಿಸಬೇಡಿ. 500ರಿಂದ 1,000 ಮೀಟರ್ ಇಳಿದರೂ ಜೀವ ಉಳಿಯಬಹುದು. ಅಂಗಡಿಯಲ್ಲಿ ಸಿಗುವ ಆಮ್ಲಜನಕದ ಸಣ್ಣ ಡಬ್ಬಿ ಕೆಲವೇ ನಿಮಿಷ ಬರುತ್ತದೆ. ಅದನ್ನು ನಂಬಿ ಮೇಲೆ ಉಳಿಯಬೇಡಿ. ಕರ್ಪೂರ ಮೂಸಿದರೆ ಆಮ್ಲಜನಕ ಹೆಚ್ಚುತ್ತದೆ ಅಂತ ನಮ್ಮ ಯಾತ್ರಿಕರು ಕಟ್ಟಿಕೊಂಡು ಹೋಗುತ್ತಾರೆ. ಹೆಚ್ಚುವುದಿಲ್ಲ.

ಇನ್ನೊಂದು ಸಂಗತಿ ಹೇಳದೆ ಹೋದರೆ ನೀವು ಮೊದಲ ರಾತ್ರಿಯೇ ಗಾಬರಿಯಾಗುತ್ತೀರಿ. ಲೇಹ್‌ನಲ್ಲಿ ನಿಮಗೆ ನಿದ್ದೆ ಬಂದಿರುವುದಿಲ್ಲ. ಪಕ್ಕದಲ್ಲಿ ಮಾಸ್ತರರು ಮಲಗಿರುತ್ತಾರೆ. ಉಸಿರು ಜೋರಾಗುತ್ತದೆ, ಮತ್ತೆ ಸಣ್ಣದಾಗುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಕೆಲವು ಸೆಕೆಂಡು ಏನೂ ಇಲ್ಲ. ನೀವು ಕೈ ಹಿಡಿದು ಅಲ್ಲಾಡಿಸಬೇಕು ಅನ್ನುವಷ್ಟರಲ್ಲಿ ಒಂದು ದೊಡ್ಡ ಉಸಿರು ಎಳೆದುಕೊಳ್ಳುತ್ತಾರೆ. ಮತ್ತೆ ಅದೇ ಸುತ್ತು. ಎತ್ತರದಲ್ಲಿ ಇದು ಬಹಳ ಜನರಿಗೆ ಆಗುತ್ತದೆ. ಆಮ್ಲಜನಕ ಕಡಿಮೆಯಾದಾಗ ದೇಹ ಜಾಸ್ತಿ ಉಸಿರಾಡುತ್ತದೆ. ಆಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತೀರಾ ಇಳಿದು, ಉಸಿರಾಡು ಅನ್ನುವ ಸೂಚನೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಇದೊಂದೇ ಇದ್ದರೆ ಕಾಯಿಲೆ ಅಲ್ಲ. ಎಬ್ಬಿಸಬೇಡಿ. ಇಬ್ಬರೂ ನಿದ್ದೆ ಗುಳಿಗೆ, ಮದ್ಯ ಮುಟ್ಟಬೇಡಿ. ಕೋವಿಡ್ ಕಾಲದ ಪಲ್ಸ್ ಆಕ್ಸಿಮೀಟರ್ ಮನೆಯಲ್ಲಿದ್ದರೆ ತಗೊಂಡು ಹೋಗಿ, ಆದರೆ ಅಂಕಿ ನೋಡಿ ಹೆದರಬೇಡಿ. ಗದಗದಲ್ಲಿ 97 ತೋರಿಸಿದ್ದು ಲೇಹ್‌ನ ಮೊದಲ ದಿನ 85ರಿಂದ 90ರ ಆಸುಪಾಸು ತೋರಿಸುವುದು ಮಾಮೂಲು. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಇದ್ದರೆ ಅದೂ ತಪ್ಪುತ್ತದೆ. ಮನುಷ್ಯ ಹೇಗಿದ್ದಾರೆ ನೋಡಿ, ಅಂಕಿ ಆಮೇಲೆ.

ಡೈಮಾಕ್ಸ್ ವಿಷಯ. ಅದರ ಔಷಧದ ಹೆಸರು ಅಸಿಟಜೋಲಮೈಡ್. ಮುನ್ನೆಚ್ಚರಿಕೆಗೆ ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಹತ್ತುವ ಹಿಂದಿನ ದಿನದಿಂದ ಶುರು, ಮೇಲೆ ಎರಡು ಮೂರು ದಿನ. ಅದು ದೇಹ ಬೇಗ ಹೊಂದಿಕೊಳ್ಳುವಂತೆ ಮಾಡುತ್ತದೆ. ಲಕ್ಷಣವನ್ನು ಮುಚ್ಚಿಡುವುದಿಲ್ಲ. ಬೆರಳು ಜುಮ್ಮೆನ್ನುತ್ತದೆ, ಮೂತ್ರ ಜಾಸ್ತಿ, ಸೋಡಾ ಸಪ್ಪೆ ಅನ್ನಿಸುತ್ತದೆ. ಸಲ್ಫಾ ಅಲರ್ಜಿ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ಮಾಸ್ತರರ ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಅಂಶ ಸೇರಿದ್ದರೆ ಎರಡೂ ಕೂಡಿ ಪೊಟ್ಯಾಸಿಯಂ ಇಳಿಯಬಹುದು. ಅದಕ್ಕೇ ಅವರ ಮಾತ್ರೆಯ ಚೀಟಿ ಸಮೇತ ನಿಮ್ಮ ಡಾಕ್ಟರ ಹತ್ತಿರ ಹೋಗಿ, ಈ ನಾಲ್ಕು ಜಾಗದ ಎತ್ತರ ಬರೆದುಕೊಂಡು ಹೋಗಿ. ಬಿಪಿ ಹಿಡಿತದಲ್ಲಿದ್ದರೆ ಎತ್ತರ ನಿಷೇಧ ಅಲ್ಲ. ಮೊದಲ ಕೆಲವು ದಿನ ಬಿಪಿ ತುಸು ಏರುತ್ತದೆ, ಮಷೀನು ಜೊತೆಗಿರಲಿ, ಮಾತ್ರೆ ಒಂದು ದಿನವೂ ತಪ್ಪದಿರಲಿ. 61ರ ಗಂಡಸಿಗೆ ಹೋಗುವ ಮೊದಲು ಇಸಿಜಿ ಮತ್ತು ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ ಅಂತ ನಾನು ಒತ್ತಾಯವಾಗಿಯೇ ಹೇಳುತ್ತೇನೆ. ನೀವೂ ಮಾಡಿಸಿಕೊಳ್ಳಿ. ಹೆಂಗಸರ ಹೃದಯದ ಬಗ್ಗೆ ನಮ್ಮ ಮನೆಗಳಲ್ಲಿ ಯಾರೂ ಯೋಚಿಸುವುದಿಲ್ಲ.

ಮಾತ್ರೆಗಿಂತ ದೊಡ್ಡ ಔಷಧ ನಿಧಾನ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬೇಡಿ. ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಎತ್ತರದಲ್ಲಿ ಎರಡು ರಾತ್ರಿ ಕಳೆಯಿರಿ. ಹಗಲು ಎತ್ತರಕ್ಕೆ ಹೋಗಿ ರಾತ್ರಿ ಕೆಳಗೆ ಬಂದು ಮಲಗಿದರೆ ಇನ್ನೂ ಚೆನ್ನ.

ಈಗ ನಿಮ್ಮ ಪಟ್ಟಿ. ನಾನಾದರೆ ಜೂನ್‌ನಲ್ಲಿ ಲಡಾಖ್, ಜುಲೈನಲ್ಲಿ ಸ್ವಿಟ್ಜರ್ಲೆಂಡ್, ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಪೆರು, ಅಕ್ಟೋಬರ್–ನವೆಂಬರ್‌ನಲ್ಲಿ ನೇಪಾಳ ಅಂತ ಇಡುತ್ತೇನೆ. ನಾಲ್ಕೂ ಕಡೆ ಹವಾಮಾನ ಕೂಡಿಬರುತ್ತದೆ. ಪೆರುವಿನ ಬೆಟ್ಟಗಳಲ್ಲಿ ಮೇಯಿಂದ ಸೆಪ್ಟೆಂಬರ್ ಮಳೆಯಿಲ್ಲದ ಕಾಲ. ನೇಪಾಳದಲ್ಲಿ ಮಳೆ ತೊಳೆದ ಆಕಾಶ ಅಕ್ಟೋಬರಿನಲ್ಲಿ. ಲಡಾಖ್ ಮೊದಲು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಮುಂದೆ ಎತ್ತರದಲ್ಲಿ ನಿಮ್ಮ ದೇಹ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದಕ್ಕೆ ಹಿಂದೆ ಹೇಗೆ ನಡೆದುಕೊಂಡಿತ್ತು ಅನ್ನುವುದೇ ಒಳ್ಳೆಯ ಸೂಚನೆ. ಆ ಪರೀಕ್ಷೆ ನಮ್ಮ ದೇಶದಲ್ಲೇ ಆಗಲಿ. ಹಿಂದಿ ನಡೆಯುತ್ತದೆ, ಲೇಹ್‌ನ ಜಿಲ್ಲಾ ಆಸ್ಪತ್ರೆಯ ಡಾಕ್ಟರರಿಗೆ ಈ ಕಾಯಿಲೆ ದಿನನಿತ್ಯದ ಕೆಲಸ. ಆದರೆ ಲೇಹ್‌ನಲ್ಲಿ ಹೊಂದಿಕೊಂಡಿದ್ದು ಪೆರುವಿಗೆ ಬರುತ್ತದೆ ಅಂತ ತಿಳಿಯಬೇಡಿ. ಕೆಳಗೆ ಬಂದು ಕೆಲವು ವಾರ ಕಳೆದರೆ ದೇಹ ಮತ್ತೆ ಮೊದಲಿನ ಹಾಗೇ. ಪ್ರತಿ ದೇಶದಲ್ಲೂ ಹೊಸದಾಗಿ ಶುರು.

ಲಡಾಖಿಗೆ ವಿಮಾನದ ಬದಲು ಶ್ರೀನಗರದಿಂದ ರಸ್ತೆಯಲ್ಲಿ ಹೋಗಿ. ಶ್ರೀನಗರ ಸುಮಾರು 1,600 ಮೀಟರ್. ನಡುವೆ ಕಾರ್ಗಿಲ್‌ನಲ್ಲಿ, ಸುಮಾರು 2,700 ಮೀಟರಿನಲ್ಲಿ, ಒಂದು ರಾತ್ರಿ. ಮರುದಿನ ಲೇಹ್. ಮನಾಲಿ ರಸ್ತೆ ಚೆಂದ, ಆದರೆ ಆ ದಾರಿಯಲ್ಲಿ ಬಹಳ ಜನ ಸುಮಾರು 4,300 ಮೀಟರಿನ ಸರ್ಚುವಿನಲ್ಲಿ ಮಲಗುತ್ತಾರೆ. ಮೊದಲ ರಾತ್ರಿಗೆ ಅದು ಬೇಡವೇ ಬೇಡ. ವಾಪಸ್ ಬರುವಾಗ ಬೇಕಾದರೆ ಆ ದಾರಿ ಹಿಡಿಯಿರಿ. ಲೇಹ್‌ನಲ್ಲಿ ಎರಡು ದಿನ ಊರು ಬಿಟ್ಟು ಹೋಗಬೇಡಿ. ಆಮೇಲೆ ನುಬ್ರಾ ಕಣಿವೆ. ದಾರಿಯಲ್ಲಿ ದಾಟುವ ಘಾಟು ಖಾರ್ದುಂಗ್ ಲಾ 5,300 ಮೀಟರ್ ದಾಟಿದೆ, ಅಲ್ಲಿ ಹದಿನೈದು ನಿಮಿಷ ಸಾಕು. ನುಬ್ರಾದ ಹುಂಡರ್ ಊರು ಲೇಹ್‌ಗಿಂತ ಕೆಳಗೇ ಇದೆ, ಅಲ್ಲಿ ಒಳ್ಳೆಯ ನಿದ್ದೆ ಬರುತ್ತದೆ. ಪ್ಯಾಂಗಾಂಗ್ ಕೊನೆಗೆ ಇಟ್ಟುಕೊಳ್ಳಿ, ಆದರೆ ಅಲ್ಲಿ ಮಲಗಬೇಡಿ. ಫೋನಿನ ಸಿಮ್ ಪೋಸ್ಟ್‌ಪೇಯ್ಡ್ ಇರಲಿ, ನಮ್ಮ ಕಡೆಯ ಪ್ರೀಪೇಯ್ಡ್ ಅಲ್ಲಿ ನಡೆಯುವುದಿಲ್ಲ.

ಸ್ವಿಟ್ಜರ್ಲೆಂಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೀವು ಮಲಗುವ ಊರುಗಳು ಕೆಳಗಿವೆ. 1912ರಿಂದ ರೈಲು ಹೋಗುವ ಯುಂಗ್‌ಫ್ರೌಯೋಖ್ 3,454 ಮೀಟರ್, ಲೇಹ್‌ನಷ್ಟೇ ಎತ್ತರ. ಎರಡು ಮೂರು ತಾಸಿದ್ದು ಇಳಿದುಬಿಡುತ್ತೀರಿ, ಕಾಯಿಲೆಗೆ ಅಷ್ಟು ಸಮಯ ಸಿಗುವುದಿಲ್ಲ. ಮೆಟ್ಟಿಲು ಮಾತ್ರ ನಿಧಾನ ಹತ್ತಿ, ಹಿಮದಲ್ಲಿ ಕಪ್ಪು ಕನ್ನಡಕ ತೆಗೆಯಬೇಡಿ.

ಪೆರುವಿನಲ್ಲಿ ತಪ್ಪುವುದು ಕುಸ್ಕೊದಲ್ಲಿ. ಲಿಮಾ ಸಮುದ್ರದ ದಂಡೆ. ವಿಮಾನ ಹತ್ತಿ ಒಂದೂವರೆ ತಾಸಿನೊಳಗೆ 3,400 ಮೀಟರಿನ ಕುಸ್ಕೊ. ಎಲ್ಲರೂ ಅಲ್ಲೇ ಹೋಟೆಲ್ ಮಾಡುತ್ತಾರೆ. ನೀವು ಹಾಗೆ ಮಾಡಬೇಡಿ. ವಿಮಾನ ನಿಲ್ದಾಣದಿಂದ ನೇರ ಟ್ಯಾಕ್ಸಿ ಹಿಡಿದು ಉರುಬಂಬಾ ಕಣಿವೆಗೆ ಇಳಿಯಿರಿ. ಒಲ್ಯಾಂತಾಯ್‌ತಂಬೊ ಸುಮಾರು 2,800 ಮೀಟರ್. ಅಲ್ಲಿ ಎರಡು ಮೂರು ರಾತ್ರಿ ಕಳೆಯಿರಿ. ಮಾಚು ಪಿಚುಗೆ ರೈಲು ಅಲ್ಲಿಂದಲೇ ಹೊರಡುತ್ತದೆ, ಮತ್ತು ಮಾಚು ಪಿಚು ಅದಕ್ಕಿಂತ ಕೆಳಗೆ, 2,430 ಮೀಟರಿನಲ್ಲಿದೆ. ಅದನ್ನು ನೋಡಿಕೊಂಡು ಕೊನೆಗೆ ಕುಸ್ಕೊಗೆ ಬನ್ನಿ. ಬಣ್ಣದ ಬೆಟ್ಟ ಅಂತ ವಿನಿಕುಂಕಾದ ಫೋಟೋ ನೋಡಿರುತ್ತೀರಿ. ಅದು 5,000 ಮೀಟರ್ ದಾಟಿದೆ, ನಸುಕಿನಲ್ಲಿ ಎಬ್ಬಿಸಿ ಬಸ್ಸಿನಲ್ಲಿ ತುಂಬಿಕೊಂಡು ಹೋಗುತ್ತಾರೆ. ನಾನು ಬೇಡ ಅನ್ನುತ್ತೇನೆ. ಕೋಕಾ ಎಲೆಯ ಚಹಾ ಅಲ್ಲಿ ಎಲ್ಲ ಹೋಟೆಲಿನಲ್ಲೂ ಕೊಡುತ್ತಾರೆ, ಕುಡಿಯುವುದು ನಿಮ್ಮ ಇಷ್ಟ. ಒಂದು ಪುಡಿಕೆಯನ್ನೂ ಊರಿಗೆ ತರಬೇಡಿ, ನಮ್ಮ ಮಾದಕ ವಸ್ತು ಕಾನೂನಿನಲ್ಲಿ ಅದು ಅಪರಾಧ. ಪೆರುವಿನಿಂದ ಭಾರತಕ್ಕೆ ಬರುವಾಗ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕೇಳುತ್ತಾರೆ. ಲಸಿಕೆ ಹಾಕಿಸಿ 10 ದಿನ ಆದ ಮೇಲೆ ಅದು ಊರ್ಜಿತ. 60 ದಾಟಿದವರಿಗೆ ಆ ಲಸಿಕೆಯ ಅಡ್ಡ ಪರಿಣಾಮ ತುಸು ಜಾಸ್ತಿ, ಹಾಗಾಗಿ ಮಾಸ್ತರರ ವಿಷಯ ಡಾಕ್ಟರ ಹತ್ತಿರ ಬಿಡಿಸಿ ಮಾತಾಡಿ.

ನೇಪಾಳಕ್ಕೆ ನಮಗೆ ವೀಸಾ ಬೇಡ. ಪೋಖರಾದಿಂದ ಶುರುವಾಗುವ ಪೂನ್ ಹಿಲ್ ದಾರಿ ನಿಮಗೆ ಹೇಳಿ ಮಾಡಿಸಿದ್ದು. ತುದಿ 3,210 ಮೀಟರ್. ಬೆಳಗಿನ ಜಾವ ಅಲ್ಲಿ ನಿಂತರೆ 8,167 ಮೀಟರಿನ ಧೌಲಾಗಿರಿ, ಅನ್ನಪೂರ್ಣ ಸಾಲು, ಮೀನಿನ ಬಾಲದ ಆಕಾರದ ಮಚ್ಛಪುಚ್ಛ್ರೆ ಎಲ್ಲ ಎದುರಿಗೇ. ಉಲ್ಲೇರಿ ಹತ್ತಿರ ಸಾವಿರಾರು ಕಲ್ಲಿನ ಮೆಟ್ಟಿಲು ಇವೆ, ಇಳಿಯುವಾಗ ಮೊಣಕಾಲು ಮಾತಾಡುತ್ತದೆ. ಕೋಲು ಹಿಡಿಯಿರಿ. ಮುಕ್ತಿನಾಥಕ್ಕೂ ಹೋಗುತ್ತೀರಿ ಅಂತ ಅಂದುಕೊಂಡಿದ್ದೇನೆ, ನಮ್ಮ ಕಡೆಯವರು ಬಿಡುವುದಿಲ್ಲ. 800 ಮೀಟರಿನ ಪೋಖರಾದಿಂದ ಜೀಪಿನಲ್ಲಿ ಒಂದೇ ದಿನ 3,700 ಮೀಟರಿಗೆ ಹೋಗಿ, ತಣ್ಣೀರಿನ 108 ಧಾರೆಯ ಕೆಳಗೆ ಓಡುವವರನ್ನು ನೋಡಿದರೆ ನನಗೆ ಎದೆ ಝಲ್ಲೆನ್ನುತ್ತದೆ. ಜೋಮ್‌ಸೋಮ್ ಅಥವಾ ಕಾಗ್‌ಬೇನಿಯಲ್ಲಿ ಒಂದು ರಾತ್ರಿ ಉಳಿದು ಮರುದಿನ ದರ್ಶನ ಮಾಡಿ. ಎವರೆಸ್ಟ್ ಬೇಸ್ ಕ್ಯಾಂಪ್ ಆಸೆ ಇದ್ದರೆ ಲಡಾಖ್ ಹೇಗೆ ಹೋಯಿತು ನೋಡಿಕೊಂಡು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.

ಊರಲ್ಲಿ ಇರುವಾಗ ಕಪ್ಪತಗುಡ್ಡಕ್ಕೆ ವಾರಕ್ಕೊಮ್ಮೆ ಇಬ್ಬರೂ ಹೋಗಿ. ಸಪಾಟು ವಾಕಿಂಗ್‌ನಲ್ಲಿ ಇಳಿಜಾರಿನ ಅಭ್ಯಾಸ ಆಗುವುದಿಲ್ಲ. ನೀವು ಹಾಕಿಕೊಳ್ಳುವ ಅದೇ ಬೂಟು, ಅದೇ ಬ್ಯಾಗು ಇರಲಿ. ಎತ್ತರದಲ್ಲಿ ಹಸಿವು ಸಾಯುತ್ತದೆ. ಆಗ ಬಾಯಿಗೆ ರುಚಿಸುವುದು ಪರಿಚಯದ ಊಟ ಮಾತ್ರ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಕಟ್ಟಿಕೊಳ್ಳಿ. ವಿದೇಶಕ್ಕೆ ಇಳಿದಾಗ ಕಸ್ಟಮ್ಸ್ ಫಾರಂ ಕೊಟ್ಟರೆ ಅದರಲ್ಲಿ ತಿನಿಸಿದೆ ಅಂತ ಬರೆಯಿರಿ, ಮುಚ್ಚಿಟ್ಟರೆ ದಂಡ ಬೀಳಬಹುದು. ಇನ್ಶೂರೆನ್ಸ್ ತಗೊಳ್ಳುವಾಗ ಎಷ್ಟು ಮೀಟರ್ ಎತ್ತರದವರೆಗೆ ನಡೆಯುತ್ತದೆ, ಹೆಲಿಕಾಪ್ಟರ್ ಖರ್ಚು ಕೊಡುತ್ತಾರಾ ಅಂತ ಬರಹದಲ್ಲಿ ಕೇಳಿ. ಬಿಪಿ ಇರುವುದನ್ನು ಬರೆಸಿ. ಸ್ವಿಟ್ಜರ್ಲೆಂಡಿಗೆ ಷೆಂಗೆನ್ ವೀಸಾ ಬೇಕು, ಅದಕ್ಕೆ ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಒಬ್ಬಳೇ ಹೋಗಬಹುದಾ? ಮಾಸ್ತರರಿಗೆ ಕಾಲು ನೋವು, ಬೇಸರ, ಇವತ್ತು ಮನಸ್ಸಿಲ್ಲ ಅಂತ ಇದ್ದರೆ ಧಾರಾಳವಾಗಿ ಹೋಗಿ. ಅವರು ಯುಂಗ್‌ಫ್ರೌಯೋಖ್ ಕೆಳಗಿನ ವೆಂಗೆನ್ ಊರಿನಲ್ಲಿ ಬೆಂಚಿನ ಮೇಲೆ ಕೂತು ಪೇಪರ್ ಓದಲಿ, ನೀವು ರೈಲು ಹತ್ತಿ ಮೇಲೆ ಹೋಗಿ ಸಂಜೆಗೆ ಬನ್ನಿ. ಪೂನ್ ಹಿಲ್‌ನ ಕೊನೆಯ ಏರನ್ನೂ ಗೈಡ್ ಜೊತೆ ಹೀಗೇ ಮಾಡಬಹುದು. ಆದರೆ ಅವರಿಗೆ ತಲೆನೋವೋ ವಾಂತಿಯೋ ಕೆಮ್ಮೋ ಇದ್ದರೆ, ‘ನೀನು ಹೋಗಿ ಬಾ, ನಾನು ಮಲಗಿರ್ತೀನಿ’ ಅಂತ ಅವರೇ ಹೇಳಿದರೂ ಹೋಗಬೇಡಿ. ಎತ್ತರದ ಕಾಯಿಲೆ ಜೋರಾದಾಗ ರೋಗಿಗೆ ತನ್ನ ಸ್ಥಿತಿ ತಿಳಿಯುವುದಿಲ್ಲ, ನೋಡುವವರು ಒಬ್ಬರು ಪಕ್ಕದಲ್ಲಿ ಇರಲೇಬೇಕು. ನಿಮಗೆ ಹಾಗಾದರೆ ಅವರಿಗೂ ಇದೇ ನಿಯಮ. ಬೇರೆ ಬೇರೆ ಹೋಗುವ ದಿನ ಹೋಟೆಲಿನ ಹೆಸರು, ವಿಮೆಯ ಫೋನ್ ನಂಬರು, ಇಬ್ಬರ ಮಾತ್ರೆಗಳ ಪಟ್ಟಿ ಎರಡು ಚೀಟಿಯಲ್ಲಿ ಬರೆದು ಒಂದೊಂದು ಇಟ್ಟುಕೊಳ್ಳಿ. ಪಾಸ್‌ಪೋರ್ಟು, ಸ್ವಲ್ಪ ರೊಕ್ಕ, ಆ ದಿನದ ಮಾತ್ರೆ ಅವರವರ ಬ್ಯಾಗಿನಲ್ಲೇ ಇರಲಿ.